ಯಾರ ಜೊತೆ ಮಾತು, ಪುಟ್ಟಾ?

ಮೂರು-ನಾಲ್ಕು ವರ್ಷದ ಮಗು ಒಂಟಿಯಾಗಿ ಆಡಿಕೊಳ್ಳುವಾಗ ಪಕ್ಕದಲ್ಲಿ ಸದ್ದಿಲ್ಲದೆ ಕೂತು ಅದರ ಮಾತು ಕೇಳಿದ್ದೀರಾ? ಇಲ್ಲವಾದರೆ ಇವತ್ತೇ ಕೇಳಿ. ಕೈಯಲ್ಲೊಂದು ಪೇಪರು ಹಿಡಿದು ಓದುವವರ ಹಾಗೆ ಕೂತರೆ ಸಾಕು, ಮಗುವಿನ ಕಡೆ ಮಾತ್ರ ನೋಡಬೇಡಿ. ನೋಡಿದಿರೋ, ಆ ಮಾತು ಅಲ್ಲಿಗೇ ನಿಂತು ನಿಮ್ಮ ಜೊತೆಗಿನ ಬೇರೆ ಮಾತು ಶುರುವಾಗುತ್ತದೆ.

ನಮ್ಮ ಪಕ್ಕದ ಮನೆಯ ಹುಡುಗಿ ಜಗಲಿಯ ಮೇಲೆ ತೆಂಗಿನ ಕರಟಗಳನ್ನು ಒಂದರ ಮೇಲೊಂದು ಪೇರಿಸುತ್ತಾಳೆ. "ಇದು ದೊಡ್ಡದು, ಕೆಳಗೆ... ಅಲ್ಲ ಅಲ್ಲ, ಬೀಳತ್ತೆ... ನಿಧಾನ ಕಣೇ, ಏನವಸರ ನಿಂಗೆ!" ಈ ಕಡೆಯ ಮಾತು ಇದೆಯಲ್ಲ, ಅದು ಅವಳ ಅಜ್ಜಿಯದು. ಮಾತಷ್ಟೇ ಅಲ್ಲ, 'ಏನವಸರ' ಅನ್ನುವಾಗ ಎಳೆಯುವ ರಾಗವೂ ಅಜ್ಜಿಯದೇ. ಅಜ್ಜಿ ಆ ಹೊತ್ತಿಗೆ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿರುತ್ತಾರೆ. ಮೊಮ್ಮಗಳು ತಾನೇ ಆಡಿದ ಆ ಮಾತು ಕೇಳಿ ಕೈಯ ಅವಸರ ಕಡಿಮೆ ಮಾಡುತ್ತಾಳೆ, ಗಮನಿಸಿ. ಗದರಿದವಳೂ ಅವಳೇ, ಗದರಿಸಿಕೊಂಡವಳೂ ಅವಳೇ.

"ಯಾರ ಜೊತೆ ಮಾತು, ಪುಟ್ಟಾ?" ಅಂತ ದೊಡ್ಡವರು ಕೇಳುವುದುಂಟು. ಕೇಳಿ, ನಕ್ಕು, ಮುಂದೆ ಹೋಗಿಬಿಡುತ್ತೇವೆ. ಈ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡವರಲ್ಲಿ ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಒಬ್ಬರು. ಜಿನೀವಾದ ಮಕ್ಕಳ ಮಾತುಗಳನ್ನು ಕೂತು ಬರೆದುಕೊಂಡು 1923ರಲ್ಲಿ ಪುಸ್ತಕ ತಂದರು. ಮಗುವಿಗೆ ಇನ್ನೊಬ್ಬರ ಕಣ್ಣಿನಿಂದ ಲೋಕ ನೋಡಲು ಇನ್ನೂ ಬಾರದು, ಅದಕ್ಕೇ ಅದು ತನ್ನಷ್ಟಕ್ಕೆ ಮಾತಾಡುತ್ತದೆ, ದೊಡ್ಡದಾಗುತ್ತಾ ಆ ಮಾತು ತಾನಾಗಿ ಬತ್ತಿಹೋಗುತ್ತದೆ ಎಂದರು. ಇಲ್ಲ, ಅದು ಬತ್ತುವುದಿಲ್ಲ, ಒಳಗೆ ಹೋಗುತ್ತದೆ ಎಂದವರು ರಷ್ಯಾದ ಲೆವ್ ವೈಗೋಟ್‌ಸ್ಕಿ.

ಬಿ.ಎಡ್. ಓದಿದವರು ಈ ಹೆಸರು ಕೇಳಿಯೇ ಇರುತ್ತಾರೆ. ಆ ಮನುಷ್ಯನ ಬದುಕನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಹುಟ್ಟಿದ್ದು 1896ರಲ್ಲಿ, ಬೆಳೆದದ್ದು ಈಗಿನ ಬೆಲಾರುಸಿನ ಗೋಮೆಲ್ ಪಟ್ಟಣದಲ್ಲಿ. ಯಹೂದಿ ಹುಡುಗರಿಗೆ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಬೆರಳೆಣಿಕೆಯ ಸೀಟುಗಳಿದ್ದ ಕಾಲ. ಇವರು ಚಿನ್ನದ ಪದಕದ ವಿದ್ಯಾರ್ಥಿ, ಆದರೂ ಆ ವರ್ಷ ಅಂಕ ನೋಡದೆ ಚೀಟಿ ಎತ್ತಿ ಸೀಟು ಕೊಡುವ ಆಜ್ಞೆ ಬಂತು. ಚೀಟಿಯಲ್ಲಿ ಇವರ ಹೆಸರು ಬಂತು. ಬಾರದೆ ಹೋಗಿದ್ದರೆ? ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಮುಂದೆ ಕ್ಷಯ ಅಂಟಿಕೊಂಡಿತು. 'ಆಲೋಚನೆ ಮತ್ತು ಭಾಷೆ' ಎಂಬ ಪುಸ್ತಕದ ಕಡೆಯ ಅಧ್ಯಾಯವನ್ನು ಹಾಸಿಗೆ ಹಿಡಿದಾಗಲೇ ಹೇಳಿ ಬರೆಸಿದರು. 1934ರ ಜೂನಿನಲ್ಲಿ ತೀರಿಕೊಂಡಾಗ ಅವರಿಗೆ 37 ವರ್ಷ. ಪುಸ್ತಕ ಅದೇ ವರ್ಷ ಅಚ್ಚಾಯಿತು, ಎರಡು ವರ್ಷದೊಳಗೆ ಸ್ಟಾಲಿನ್ ಸರ್ಕಾರದ ಅವಕೃಪೆಗೆ ಸಿಕ್ಕಿ ಮೂಲೆ ಸೇರಿತು. 1956ರಲ್ಲಿ ಮತ್ತೆ ಬೆಳಕು ಕಂಡಿತು.

ಮಾತು ಎಲ್ಲಿಗೋ ಹೋಯಿತು. ವೈಗೋಟ್‌ಸ್ಕಿ ಮಾಡಿದ್ದು ಸರಳ ಕೆಲಸ. ಚಿತ್ರ ಬರೆಯಲು ಕೂತ ಮಕ್ಕಳಿಗೆ ಬೇಕೆಂದೇ ಬೇಕಾದ ಬಣ್ಣದ ಪೆನ್ಸಿಲ್ ಇಡಲಿಲ್ಲ, ಇಲ್ಲವೇ ಕಾಗದ ಕೊಡಲಿಲ್ಲ. ತೊಡಕು ಬಂದದ್ದೇ ತಡ, ಮಕ್ಕಳ ಒಂಟಿಮಾತು ಹೆಚ್ಚುಕಡಿಮೆ ಎರಡರಷ್ಟಾಯಿತು. ಸುಮ್ಮನೆ ಹೊರಬರುವ ಗೊಣಗಾಟವಾಗಿದ್ದರೆ ಕಷ್ಟ ಬಂದಾಗಲೇ ಯಾಕೆ ಹೆಚ್ಚಬೇಕು, ಹೇಳಿ? ಒಬ್ಬ ಐದೂವರೆ ವರ್ಷದ ಹುಡುಗ ಟ್ರಾಮಿನ ಚಿತ್ರ ಬರೆಯುತ್ತಿದ್ದನಂತೆ. ಚಕ್ರ ಸುತ್ತುವಾಗ ಪೆನ್ಸಿಲಿನ ಮೊನೆ ಮುರಿಯಿತು. ಒತ್ತಿ ಒತ್ತಿ ಬರೆದ, ಕಾಗದದ ಮೇಲೆ ಬಣ್ಣವಿಲ್ಲದ ಗೀರು ಮಾತ್ರ ಬಿತ್ತು. ಮುರಿದುಹೋಯಿತು ಅಂತ ತನ್ನಲ್ಲೇ ಅಂದುಕೊಂಡ. ಪೆನ್ಸಿಲ್ ಬದಿಗಿಟ್ಟು ನೀರುಬಣ್ಣ ಎತ್ತಿಕೊಂಡು ಅಪಘಾತವಾಗಿ ಮುರಿದುಬಿದ್ದ ಟ್ರಾಮನ್ನು ಬರೆದ! ಪೆನ್ಸಿಲಿನ ಬಗ್ಗೆ ಆಡಿದ ಮಾತು ಚಿತ್ರದೊಳಗೆ ಹೊಕ್ಕು ಚಿತ್ರವನ್ನೇ ತಿರುಗಿಸಿಬಿಟ್ಟಿತು. ಆ ಹುಡುಗ ಯಾರೋ ಏನೋ, ಹೆಸರು ದಾಖಲಾಗಿಲ್ಲ. ನನಗೆ ಅವನೆಂದರೆ ಬಹಳ ಅಕ್ಕರೆ.

ಹಾಗಾದರೆ ಆ ಮಾತು ಮೊದಲು ಎಲ್ಲಿಂದ ಬಂತು? ಅದಕ್ಕೆ ಬಚ್ಚಲುಮನೆಗೆ ಬರಬೇಕು. ಕೂಸಿಗೆ ನೀರೆರೆಯಲು ಬರುವ ಅಜ್ಜಿಯನ್ನು ನೆನಪಿಸಿಕೊಳ್ಳಿ. ಮಣೆಯ ಮೇಲೆ ಕೂತು, ಕಾಲು ನೀಡಿ, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಾ ಒಂದೇ ಸಮ ಮಾತು. "ಏನಪ್ಪಾ ರಾಯರೇ, ನೀರು ಬಿಸಿಯಾಯ್ತಾ? ಹೂಂ, ಆಯ್ತಂತೆ. ಅಮ್ಮ ಹಾಲು ಕೊಡಲಿಲ್ವಾ? ಇಲ್ವಂತೆ, ನೋಡಿ!" ಪ್ರಶ್ನೆಯೂ ಅಜ್ಜಿಯದೇ, ಕೂಸಿನ ಪರವಾಗಿ ಉತ್ತರವೂ ಅಜ್ಜಿಯದೇ. ಆದರೆ ಪ್ರಶ್ನೆ ಕೇಳಿ ಒಂದು ಗಳಿಗೆ ಸುಮ್ಮನಾಗುತ್ತಾರೆ, ಕೂಸಿನ ಪಾಳಿ ಅಂತ ಬಿಟ್ಟುಕೊಟ್ಟ ಜಾಗ ಅದು. ಕೂಸು ಆ ಜಾಗದಲ್ಲಿ ಕಾಲು ಒದರೀತು, 'ಊಂ' ಅಂದೀತು. "ಅದಕ್ಕೇನು ತಿಳಿಯತ್ತೆ ಅಂತ ಅಷ್ಟು ಮಾತಾಡ್ತೀರಿ?" ಅಂತ ಕೇಳುವವರಿದ್ದಾರೆ. ತಿಳಿಯುವ ಮೊದಲೇ ತಿಳಿದವರ ಹಾಗೆ ಅದನ್ನು ನಡೆಸಿಕೊಳ್ಳುತ್ತೇವಲ್ಲ, ತಿಳಿವಳಿಕೆ ಹುಟ್ಟುವುದೇ ಅಲ್ಲಿ ಎಂದು ನಾನು ನಂಬಿದ್ದೇನೆ.

ಬೆರಳು ತೋರಿಸುವುದನ್ನೇ ನೋಡಿ. ಕೂಸು ಎಟುಕದ ಗಿಲಕಿಗೆ ಕೈ ಚಾಚುತ್ತದೆ. ಅಮ್ಮ ಅದನ್ನು ನೋಡಿ "ಅದು ಬೇಕಾ?" ಅಂತ ತಂದುಕೊಡುತ್ತಾಳೆ. ಹೀಗೆ ಎಷ್ಟೋ ಸಲ ಆದಮೇಲೆ ಕೂಸು ಗಿಲಕಿಯ ಕಡೆಗಲ್ಲ, ಅಮ್ಮನಿಗಾಗಿ ಕೈ ಚಾಚಲು ಕಲಿಯುತ್ತದೆ. ಸೋತ ಕೈಗೆ ಅರ್ಥ ಕೊಟ್ಟವಳು ಅಮ್ಮ ಎಂದರು ವೈಗೋಟ್‌ಸ್ಕಿ. ಇನ್ನು ಸಂಜೆ ಬಟ್ಟಲಲ್ಲಿ ಹಾಲನ್ನ ಕಲಸಿಕೊಂಡು ಅಂಗಳಕ್ಕೆ ಬಂದು "ಅಕೋ ಚಂದಮಾಮ!" ಅನ್ನುತ್ತೇವಲ್ಲ, ಅಲ್ಲಿ ಯಾರಿಗೂ ಚಂದ್ರ ಬೇಕಾಗಿಲ್ಲ. ತಾಯಿ ನೋಡಿದ್ದನ್ನು ಮಗು ನೋಡುತ್ತದೆ, ತಾಯಿಯೂ ನೋಡುತ್ತಿದ್ದಾಳೆ ಅಂತ ತಿರುಗಿ ಅವಳ ಮುಖ ನೋಡಿ ಖಾತ್ರಿ ಮಾಡಿಕೊಳ್ಳುತ್ತದೆ. ಒಂಬತ್ತನೆಯ ತಿಂಗಳಿಂದ ವರ್ಷ ತುಂಬುವುದರೊಳಗೆ ಮೂಡುವ ಈ ಗುಣದ ಮೇಲೆ ಮೈಕೆಲ್ ಟೊಮಸೆಲ್ಲೊ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಸಾಕಿದ ಚಿಂಪಾಂಜಿ ಬೇಕಾದ್ದನ್ನು ಕೇಳಿ ಕೈ ಚಾಚೀತು, 'ನೋಡು, ಎಷ್ಟು ಚೆನ್ನಾಗಿದೆ' ಅಂತ ಬರೀ ಹಂಚಿಕೊಳ್ಳಲು ಬೆರಳು ಚಾಚುವುದು ಮನುಷ್ಯರ ಕೂಸೇ ಎನ್ನುತ್ತಾರೆ ಅವರು. ಅನ್ನ ಗಂಟಲಲ್ಲಿ ಇಳಿಸಲು ಹೂಡಿದ ಉಪಾಯದಲ್ಲಿ ಎಷ್ಟು ದೊಡ್ಡ ಪಾಠ ನಡೆದುಹೋಗುತ್ತದೆ!

ಈಗ ಚಂದ್ರನ ಜಾಗದಲ್ಲಿ ಫೋನು ಬಂದಿದೆ. ದುಡಿದು ಬಂದ ತಾಯಿತಂದೆಯರನ್ನು ದೂರುವ ಮನಸ್ಸು ನನಗಿಲ್ಲ, ಅವರ ಸುಸ್ತು ನಿಜವಾದದ್ದು. ಆದರೆ ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಹೇಳದೆ ಇರಲಾರೆ. ಅದಕ್ಕೂ ಮೊದಲು ಇನ್ನೊಂದು ಸಂಗತಿ. ನಮಗೆ 'ತ' ಬೇರೆ, 'ಟ' ಬೇರೆ ಅಲ್ಲವೇ? ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಈ ವ್ಯತ್ಯಾಸ ಕೇಳಿಸುವುದೇ ಕಷ್ಟ. ಅದೇ ಇಂಗ್ಲಿಷ್ ಮನೆಯ ಆರು-ಎಂಟು ತಿಂಗಳ ಕೂಸಿಗೆ ಸಲೀಸಾಗಿ ಕೇಳಿಸುತ್ತದೆ! ವರ್ಷ ತುಂಬುವ ಹೊತ್ತಿಗೆ ಆ ಕಿವಿ ಮುಚ್ಚುತ್ತಾ ಬರುತ್ತದೆ. ಕೆನಡಾದ ಜಾನೆಟ್ ವರ್ಕರ್ 1984ರಲ್ಲಿ ಹಿಂದಿಯ ಧ್ವನಿಗಳನ್ನಿಟ್ಟುಕೊಂಡೇ ಇದನ್ನು ತೋರಿಸಿದರು. ಸುತ್ತಲಿನವರು ಆಡುವ ಮಾತಿಗೆ ತಕ್ಕ ಹಾಗೆ ಕಿವಿಯೂ ತಯಾರಾಗುತ್ತದೆ ಎಂದಾಯಿತು. ಕೂಲ್ ಕೇಳಿದ್ದು ಮುಂದಿನ ಪ್ರಶ್ನೆ: ಆ ಮುಚ್ಚುವ ಬಾಗಿಲನ್ನು ತೆರೆದಿಡಬಹುದೇ? ಒಂಬತ್ತು ತಿಂಗಳ ಅಮೆರಿಕದ ಕೂಸುಗಳ ಎದುರು ಚೀನೀ ಮಾತಾಡುವವರು ಕೂತು 12 ಸಲ ಆಟವಾಡಿಸಿದರು, ಪುಸ್ತಕ ಓದಿದರು. ಕೂಸುಗಳು ತೈವಾನಿನಲ್ಲೇ ಬೆಳೆದ ಮಕ್ಕಳ ಹಾಗೆ ಚೀನೀ ಧ್ವನಿಗಳನ್ನು ಗುರುತಿಸಿದವು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಅದೇ ಪುಸ್ತಕ, ಆದರೆ ಟಿವಿ ಪರದೆಯ ಮೇಲೆ. ಆ ಕೂಸುಗಳು ಕಲಿತದ್ದು ಏನೂ ಇಲ್ಲ. ಪರದೆಯ ಮೇಲಿನ ಹೆಂಗಸು ಕೂಸಿನ ಪಾಳಿಗಾಗಿ ಕಾಯುವುದಿಲ್ಲವಲ್ಲ.

ಯಾರೂ ಮಾತಾಡಿಸದೆ ಬಿಟ್ಟರೆ ಏನಾದೀತು? ಈ ಕುತೂಹಲ ಅಕ್ಬರನಿಗೂ ಬಂದಿತ್ತು. ಎಳೆಗೂಸುಗಳನ್ನು ತಂದು ಊರಾಚೆ ಒಂದು ಮನೆಯಲ್ಲಿ ಇಡಿಸಿದ, ನೋಡಿಕೊಳ್ಳುವ ದಾದಿಯರು ತುಟಿ ಬಿಚ್ಚುವಂತಿಲ್ಲ. ವರ್ಷಗಳು ಕಳೆದು ಹೋಗಿ ನೋಡಿದರೆ ಒಂದು ಮಗುವಿಗೂ ಮಾತಿಲ್ಲ, ಮೂಗರ ಸದ್ದು ಮಾತ್ರ. ಜನ ಆ ಮನೆಯನ್ನು ಗುಂಗ್ ಮಹಲ್ ಎಂದರು. ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಎಷ್ಟೇ ದೊಡ್ಡ ದೊರೆಯಾದರೂ ಈ ಕೆಲಸವನ್ನು ಕ್ಷಮಿಸಲು ನನ್ನಿಂದಾಗದು.

ಅದನ್ನು ಮರೆಯಲು ನಿಕಾರಾಗುವಾದ ಕತೆ ಹೇಳುತ್ತೇನೆ. ಅಲ್ಲಿ ಕಿವಿ ಕೇಳದ ಮಕ್ಕಳು ಅವರವರ ಮನೆಗಳಲ್ಲಿ ಒಂಟಿಯಾಗಿದ್ದರು, ಮನೆಯವರಿಗೆ ಮಾತ್ರ ತಿಳಿಯುವ ನಾಲ್ಕಾರು ಸನ್ನೆಗಳೇ ಅವರ ಆಸ್ತಿ. 1977ರಲ್ಲಿ ರಾಜಧಾನಿ ಮನಾಗುವಾದಲ್ಲಿ ಒಂದು ವಿಶೇಷ ಶಾಲೆ ತೆರೆಯಿತು, 1979ರ ಕ್ರಾಂತಿಯಾದ ಮೇಲೆ ಮಕ್ಕಳ ಸಂಖ್ಯೆ ಏರಿತು. ಮೇಷ್ಟ್ರುಗಳು ತುಟಿ ನೋಡಿ ಸ್ಪ್ಯಾನಿಷ್ ಕಲಿಸಲು ಹೆಣಗಿದರು, ಅದು ಹತ್ತಲಿಲ್ಲ. ಮಕ್ಕಳು ಮಾತ್ರ ಆಟದ ಬಯಲಲ್ಲಿ, ಶಾಲೆಯ ಬಸ್ಸಿನಲ್ಲಿ ತಮ್ಮ ತಮ್ಮ ಮನೆಯ ಸನ್ನೆಗಳನ್ನು ಕೂಡಿಸಿ ಮಾತಾಡತೊಡಗಿದರು. ಆಮೇಲೆ ಬಂದ ಪುಟಾಣಿಗಳು ಅದನ್ನು ಎತ್ತಿಕೊಂಡು ವ್ಯಾಕರಣ ಬಿಗಿ ಮಾಡಿದರು. 1986ರಲ್ಲಿ ಭಾಷಾವಿಜ್ಞಾನಿ ಜೂಡಿ ಕೆಗ್ಲ್ ಬಂದು ನೋಡುವಾಗ ಅಲ್ಲಿ ಹೊಸದೊಂದು ಭಾಷೆ ಕಣ್ಣೆದುರೇ ಬೆಳೆಯುತ್ತಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕತೆ. ಜೆನ್ನಿ ಪೈಯರ್ಸ್ ಮತ್ತು ಆನ್ ಸೆಂಗಸ್ ಅಲ್ಲಿನವರಿಗೆ ಚಿತ್ರಗಳಲ್ಲಿ ಪುಟ್ಟ ಕತೆ ತೋರಿಸಿದರು. ಅಣ್ಣ ಆಟದ ಸಾಮಾನನ್ನು ಒಂದು ಕಡೆ ಇಟ್ಟು ಹೊರಗೆ ಹೋಗುತ್ತಾನೆ, ತಮ್ಮ ಅದನ್ನು ಬೇರೆ ಕಡೆ ಬಚ್ಚಿಡುತ್ತಾನೆ. ಅಣ್ಣ ಬಂದು ಎಲ್ಲಿ ಹುಡುಕುತ್ತಾನೆ? ಮಾತಿನ ನಡುವೆ ಬೆಳೆದ ಮಗು ನಾಲ್ಕೈದು ವರ್ಷಕ್ಕೆ ಸರಿಯಾಗಿ ಹೇಳುತ್ತದೆ: ಇಟ್ಟ ಕಡೆ. ಆದರೆ ಶಾಲೆಯ ಮೊದಲ ತಂಡದವರು, 20 ದಾಟಿದ, ಕೆಲಸಕ್ಕೆ ಹೋಗುವ, ಬುದ್ಧಿವಂತ ಜನ, ಇದರಲ್ಲಿ ಎಡವಿದರು. ಅವರ ಸನ್ನೆಗಳಲ್ಲಿ ಯೋಚಿಸು, ತಿಳಿ, ನಂಬು ಎಂಬಂಥ ಕ್ರಿಯಾಪದಗಳು ತೀರಾ ಕಡಿಮೆ ಇದ್ದವು. ಅವರಿಗಿಂತ ಕಿರಿಯ ತಂಡದವರಲ್ಲಿ ಆ ಪದಗಳು ಧಾರಾಳವಾಗಿದ್ದವು, ಉತ್ತರವೂ ಸರಿಯಾಗಿತ್ತು. ಎರಡು ವರ್ಷ ಬಿಟ್ಟು ಮತ್ತೆ ನೋಡಿದರೆ ಹಿರಿಯರೂ ಸುಧಾರಿಸಿದ್ದರು! ನಡುವೆ ಆದದ್ದೇನು? ಕಿವುಡರ ಸಂಘದಲ್ಲಿ ಕಿರಿಯರ ಜೊತೆ ಕೂತು ಹರಟಿದ್ದರು. ಅಧ್ಯಯನ ಪ್ರಕಟವಾದದ್ದು 2009ರಲ್ಲಿ. ಬೆಳೆದ ಮನುಷ್ಯನ ಮನಸ್ಸಿನಲ್ಲಿ, ಇನ್ನೊಬ್ಬರ ಮನಸ್ಸನ್ನು ಕಾಣುವ ಕಿಟಕಿ ಸಂಜೆಯ ಮಾತುಕತೆಯಿಂದ ತೆರೆಯಿತು. ಹರಟೆ ಹೊಡೆಯುವವರನ್ನು ಕಂಡು ಕಾಲಹರಣ ಅನ್ನುವವರಿಗೆ ನಾನು ಈ ಕತೆಯನ್ನು ತಪ್ಪದೆ ಹೇಳುತ್ತೇನೆ.

ಅಷ್ಟು ದೂರ ಯಾಕೆ? ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲೇ ಅಲೀಪುರ ಎಂಬ ಊರಿದೆ. ತಲೆಮಾರುಗಳಿಂದ ಅಲ್ಲಿನ ಮನೆಗಳಲ್ಲಿ ಕಿವಿ ಕೇಳದ ಮಕ್ಕಳು ಹುಟ್ಟುತ್ತಾ ಬಂದಿದ್ದಾರೆ, ಊರಿಗೆ ತನ್ನದೇ ಸನ್ನೆಭಾಷೆಯೂ ಬೆಳೆದಿದೆ. ಸಿಬಾಜಿ ಪಾಂಡಾ ಅದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಕಿವಿ ಕೇಳುವ ನೆಂಟರೂ ನೆರೆಯವರೂ ಅದನ್ನು ಬಲ್ಲರು. ಅಂಥ ಊರಲ್ಲಿ ಕಿವುಡಾಗಿ ಹುಟ್ಟಿದ ಕೂಸಿಗೆ ತೊಟ್ಟಿಲಿನಿಂದಲೇ ಮಾತಾಡಿಸುವವರು ಸಿಗುತ್ತಾರೆ. ಬೆಂಗಳೂರಿನಿಂದ ಹಿಂದೂಪುರದ ಕಡೆ ಹೋಗುವ ರೈಲು ಗೌರಿಬಿದನೂರಿನಲ್ಲಿ ನಿಲ್ಲುತ್ತದೆ. ಊರವರು ಒಪ್ಪಿದರೆ ಅಲ್ಲಿ ಒಂದು ಸಂಜೆ ಕೂತು, ಅವರ ಕೈಯಲ್ಲಿ ನಾಲ್ಕು ಮಾತು ಕಲಿತು ಬರುವ ಆಸೆ ನನಗಿದೆ. ನೀವೂ ಬರುವುದಾದರೆ ಹೇಳಿ, ಕಿಟಕಿ ಪಕ್ಕದ ಸೀಟು ನಿಮಗೇ.