ಟೊಪ್ಪಿಗೆಯ ಚೀಟಿ

ನಮ್ಮ ತಂದೆಯವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತರಾಗಿದ್ದರು. ನೆನಪಿಡಬೇಕಾದ ಸಂಗತಿ ಏನೇ ಇರಲಿ, ಅದನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು ತಮ್ಮ ಬಿಳಿಯ ಟೊಪ್ಪಿಗೆಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದು ಟೊಪ್ಪಿಗೆ ತೆಗೆದರೆ ಡಬ್ಬಿ ಕಾಯಿಯ ಧಾರಣೆ, ಕಡ್ಡಿ ಕಾಯಿಯ ಧಾರಣೆ, ಅವ್ವನ ಕಷಾಯಕ್ಕೆ ಬೇಕಾದ ಶುಂಠಿ, ನನ್ನ ಶಾಲೆಯ ಫೀಜು, ಎಲ್ಲವೂ ಒಂದರ ಹಿಂದೊಂದು ಹೊರಬೀಳುತ್ತಿದ್ದವು. ಪ್ರತಿಯೊಂದು ಚೀಟಿಯ ತಲೆಯ ಮೇಲೆ ತಾರೀಖು. ಕೆಳಗೆ ಹೇಳಿದವರ ಹೆಸರು. ಯಾರು, ಯಾವಾಗ ಹೇಳಿದರೆಂಬುದಿಲ್ಲದ ಚೀಟಿ ಬರಿಯ ಕಾಗದ ಎಂದು ಅವರು ಅನ್ನುತ್ತಿದ್ದುದುಂಟು. ಆ ಮಾತಿನ ಬೆಲೆ ನನಗೆ ತಿಳಿಯಲು ಐವತ್ತು ವರ್ಷಗಳು ಬೇಕಾದವು.

ತಂದೆಯವರು ಈಗಿಲ್ಲ. ನಾವು ಮಕ್ಕಳು ಮೂರು ಊರುಗಳಲ್ಲಿ ಹಂಚಿಹೋಗಿದ್ದೇವೆ. ತಂಗಿ ಹಾವೇರಿಯಲ್ಲಿ, ತಮ್ಮ ಬ್ಯಾಡಗಿಯಲ್ಲಿ, ನಾನು ರಾಣೆಬೆನ್ನೂರಿನಲ್ಲಿ. ಮೂರೂ ಒಂದೇ ರೈಲುದಾರಿಯ ಮೇಲಿನ ಊರುಗಳೇ ಆದುದರಿಂದ ದೂರ ದೊಡ್ಡದಲ್ಲ. ಎಂಬತ್ತು ದಾಟಿದ ಅವ್ವ ತನ್ನ ಟ್ರಂಕಿನೊಡನೆ ಮೂರು ಮನೆಗಳಿಗೂ ಸರದಿಯಂತೆ ಬಂದುಹೋಗುತ್ತಾಳೆ. ಆದರೆ ಅವಳೊಡನೆ ಅವಳ ಗುಳಿಗೆಗಳ ಲೆಕ್ಕವೂ ಸಂಚರಿಸಬೇಕಲ್ಲ! ವಾಟ್ಸಾಪಿನಲ್ಲಿ ಬರೆದರೆ ಬೆಳಗಿನ ಶುಭಾಶಯಗಳ ಹೂವಿನ ರಾಶಿಯ ಕೆಳಗೆ ಅದು ಹೂತುಹೋಗುತ್ತಿತ್ತು.

ತಂಗಿಯ ಮಗ ಇದಕ್ಕೊಂದು ಉಪಾಯ ಹೂಡಿದ. ನಮ್ಮ ಮೂವರ ಫೋನುಗಳಲ್ಲಿಯೂ ಟಿಪ್ಪಣಿ ಬರೆಯುವ ಒಂದು ಆ್ಯಪನ್ನು ಹಾಕಿ, ಒಂದೇ ಟಿಪ್ಪಣಿಯನ್ನು ಮೂವರೂ ನೋಡುವಂತೆ, ತಿದ್ದುವಂತೆ ಮಾಡಿಕೊಟ್ಟ. ಇಂಥವು ಹೊಸವೇನಲ್ಲ, ಎವರ್‌ನೋಟ್ 2008ರಲ್ಲಿಯೇ ಬಂದಿತ್ತು, ಗೂಗಲ್ ಕೀಪ್ 2013ರಲ್ಲಿ ಬಂತು. ನಮಗೆ ಮಾತ್ರ ಅದು ಮಾಯಾಪೆಟ್ಟಿಗೆಯಾಯಿತು. ಸೋಮವಾರ ಬ್ಯಾಡಗಿಯಲ್ಲಿ ತಮ್ಮ ಧಾರಣೆ ಬರೆದರೆ ಚಹದ ಬಟ್ಟಲು ಬರಿದಾಗುವುದರೊಳಗೆ ನನ್ನ ಫೋನಿನಲ್ಲಿ ಅದು ಮೂಡುತ್ತಿತ್ತು. ಮದುವೆಯ ಮನೆಗೆ ಹಾವೇರಿಯ ಏಲಕ್ಕಿ ಹಾರ ಎರಡು ಬೇಕೆಂದು ನಾನು ಬರೆದರೆ ತಂಗಿ ಪೇಟೆಯಲ್ಲಿ ನಿಂತೇ ಓದುತ್ತಿದ್ದಳು. ತಂದೆಯವರ ಟೊಪ್ಪಿಗೆಯನ್ನು ಮೂವರೂ ಏಕಕಾಲಕ್ಕೆ ಧರಿಸಿದಂತೆ ನನಗೆ ಅನಿಸುತ್ತಿತ್ತು.

ಕಳೆದ ವರ್ಷ ಒಂದು ಗುರುವಾರ ತಂಗಿ ಅವ್ವನನ್ನು ಹಾವೇರಿಯಲ್ಲಿ ಡಾಕ್ಟರರಿಗೆ ತೋರಿಸಿದಳು. ರಕ್ತದೊತ್ತಡದ ಗುಳಿಗೆಯನ್ನು ಒಂದರಿಂದ ಅರ್ಧಕ್ಕೆ ಇಳಿಸಿದರು. ಸಂಜೆ ತಂಗಿ ಟಿಪ್ಪಣಿಯಲ್ಲಿ 'ಒಂದು' ಎಂಬುದನ್ನು ಅಳಿಸಿ 'ಅರ್ಧ' ಎಂದು ಬರೆದಳು. ಎಲ್ಲವೂ ಫೋನಿನಲ್ಲಿದೆಯೆಂಬ ಧೈರ್ಯದಿಂದ ಡಾಕ್ಟರರ ಚೀಟಿಯನ್ನು ಕಪಾಟಿನಲ್ಲಿಯೇ ಇಟ್ಟಳು. ಮರುದಿನ ನಾನು ಅವ್ವನನ್ನು ಕರೆತರಲು ಹೋದಾಗ ತಂಗಿ ಕೆಲಸಕ್ಕೆ ಹೋಗಿದ್ದಳು. ನನ್ನ ಫೋನಿನ ಡೇಟಾ ಹಿಂದಿನ ದಿನ ಬೆಳಿಗ್ಗೆಯೇ ಮುಗಿದಿತ್ತು. ರೈಲಿನಲ್ಲಿ ಕುಳಿತು ಟಿಪ್ಪಣಿ ತೆರೆದು, ಕೊನೆಯಲ್ಲಿ 'ಅವ್ವನ ಚಷ್ಮಾ ರಿಪೇರಿ' ಎಂದು ಸೇರಿಸಿದೆ. ಮನೆಗೆ ಬಂದೊಡನೆ ಫೋನು ವೈಫೈಗೆ ಸೇರಿಕೊಂಡಿತು.

ನಡೆದದ್ದಿಷ್ಟು. ನಾವು ಬರೆದುದು ಮೊದಲು ನಮ್ಮ ಫೋನಿನಲ್ಲಿಯೇ ಉಳಿಯುತ್ತದೆ. ಇಂಟರ್ನೆಟ್ ಸಿಕ್ಕಾಗ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಉಳಿದ ಫೋನುಗಳಿಗೆ ಇಳಿಯುತ್ತದೆ. ಇದಕ್ಕೇ ಸಿಂಕ್ ಎನ್ನುತ್ತಾರೆ. ಇಬ್ಬರು ಬೇರೆ ಬೇರೆಯಾಗಿ ತಿದ್ದಿದ್ದರೆ ಜಾಪ್ಲಿನ್‌ನಂಥ ಕೆಲವು ಆ್ಯಪುಗಳು ಎರಡು ಪ್ರತಿಗಳನ್ನೂ ಉಳಿಸುತ್ತವೆ. ಬೇರೆ ಕೆಲವು, ಕೊನೆಗೆ ತಿದ್ದಿದವರದೇ ಸರಿಯೆಂದು ಹಿಡಿಯುತ್ತವೆ. ನನ್ನ ಪ್ರತಿ ಹಳೆಯದು, ತಿದ್ದಿದ ಹೊತ್ತು ಮಾತ್ರ ಹೊಸದು. ತಂಗಿಯ 'ಅರ್ಧ' ಮೂರು ಊರುಗಳಿಂದಲೂ ಸದ್ದಿಲ್ಲದೆ ಅಳಿಸಿಹೋಯಿತು.

ರಾತ್ರಿ ಗುಳಿಗೆ ಕೊಡುವಾಗ ಅವ್ವ, "ಅರ್ಧ ಕೊಡು ಅಂದಾರಲ್ಲೋ ಡಾಕ್ಟರು" ಅಂದಳು.

ನಾನು ಫೋನು ಹಿಡಿದು ತೋರಿಸಿದೆ. "ಇಲ್ಲಿ ಒಂದು ಅಂತ ಬರದೈತಿ ನೋಡವ್ವಾ. ನಿನಗ ಮರ್ತಿರಬೇಕು."

ಅವ್ವ ಮತ್ತೇನೂ ಅನ್ನದೆ ನುಂಗಿದಳು. ಮರುದಿನವೂ ನುಂಗಿದಳು. ಮೂರನೆಯ ಬೆಳಿಗ್ಗೆ ಬಚ್ಚಲಿನಿಂದ ಹೊರಬಂದವಳು ಬಾಗಿಲ ಚೌಕಟ್ಟನ್ನು ಹಿಡಿದು ಹಾಗೆಯೇ ಕುಸಿದು ಕುಳಿತಳು. ಡಾಕ್ಟರರು ಬಂದು ನೋಡಿದಾಗ ರಕ್ತದೊತ್ತಡ ತೀರ ಇಳಿದಿತ್ತು. ತಂಗಿಗೆ ಫೋನು ಮಾಡಿದಾಗಲೇ ನಿಜ ತಿಳಿದದ್ದು. ದೇವರ ದಯೆ, ಎರಡು ದಿನಗಳಲ್ಲಿ ಚೇತರಿಸಿಕೊಂಡಳು. ಬಿದ್ದು ಎಲುಬು ಮುರಿದಿದ್ದರೆ ಏನು ಗತಿಯೆಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಯಂತ್ರದ ಮೇಲೆ ತಪ್ಪು ಹೊರಿಸಿ ಪಾರಾಗಬಹುದಿತ್ತು. ಆದರೆ ನನ್ನನ್ನು ಚುಚ್ಚಿದ್ದು ಅದಲ್ಲ. ಸರಿಯಾದ ಮಾತು ನನ್ನೆದುರಿಗೇ ಕುಳಿತು, ತನ್ನ ಬಾಯಿಂದಲೇ ಹೇಳಿತ್ತು. ನಾನು ಗಾಜಿನ ಮೇಲಿನ ಅಕ್ಷರವನ್ನು ನಂಬಿದೆ. ಅವ್ವ ಹಾಸಿಗೆಯ ಮೇಲಿಂದ ಬೈಯಲಿಲ್ಲ. "ನಿಮ್ಮಪ್ಪ ಚೀಟಿ ನೋಡಿದ ಮ್ಯಾಲೂ ಒಮ್ಮೆ ನನ್ನ ಕೇಳತಿದ್ರು" ಎಂದಷ್ಟೇ ಅಂದಳು.

ಆ್ಯಪನ್ನು ನಾವು ಬಿಡಲಿಲ್ಲ. ಇಂದಿಗೂ ಧಾರಣೆ, ದಿನಸಿ, ರೈಲಿನ ವೇಳೆ ಅದರಲ್ಲಿಯೇ ಓಡಾಡುತ್ತವೆ. ಆದರೆ ತಂದೆಯವರ ಶಿಸ್ತು ಈಗ ಅದರೊಳಗೆ ಬಂದಿದೆ. ಒಂದು ಟಿಪ್ಪಣಿಗೆ ಒಂದೇ ವಿಷಯ. ಗುಳಿಗೆಯ ಲೆಕ್ಕದೊಡನೆ ಚಷ್ಮಾ ಸೇರುವಂತಿಲ್ಲ. ಹಳೆಯದನ್ನು ಅಳಿಸದೆ ಕೆಳಗೆ ಹೊಸ ಸಾಲು, ಅದಕ್ಕೆ ತಾರೀಖು, ಬರೆದವರ ಹೆಸರು. ಇಂಟರ್ನೆಟ್ ಇಲ್ಲದಾಗ ಹಂಚಿಕೊಂಡ ಟಿಪ್ಪಣಿಯನ್ನು ತಿದ್ದುವಂತಿಲ್ಲ. ಔಷಧದ ಮಾತು ಬದಲಾದರೆ ಬರೆದ ಮೇಲೆ ಫೋನು ಮಾಡಿ ಬಾಯಿಂದಲೂ ಹೇಳಬೇಕು. ಡಾಕ್ಟರರ ಚೀಟಿ ಅವ್ವನ ಟ್ರಂಕಿನಲ್ಲಿಯೇ ಪ್ರಯಾಣ ಮಾಡಬೇಕು.

ಗೂಗಲ್ಲಿನ ಕೀಲಿಮಣೆಗೆ 2017ರಿಂದ ಕನ್ನಡದ ಮಾತನ್ನು ಕೇಳಿ ಬರೆಯುವ ಶಕ್ತಿಯುಂಟು. ಮೊನ್ನೆ ತಂಗಿ ಅವ್ವನ ಬಾಯಿಯ ಹತ್ತಿರ ಫೋನು ಹಿಡಿದು, ನೀನೇ ಒಂದು ಟಿಪ್ಪಣಿ ಹೇಳು ಎಂದಳು. ಅವ್ವ ಸೆರಗು ಸರಿಪಡಿಸಿಕೊಂಡು, "ಗುಳಿಗಿ ಅರ್ಧ. ಕೊಡೂ ಮುಂದ ನನ್ನ ಕೇಳ್ರಿ" ಅಂದಳು. ನಮ್ಮ ಕಡೆಯ ಮಾತು ಯಂತ್ರಕ್ಕೆ ಪೂರ್ತಿ ಹಿಡಿಯಲಿಲ್ಲ. 'ಗುಳಿಗಿ' ಬೇರೇನೋ ಆಗಿ ಬಂತು. ತಂಗಿ ಅದನ್ನು ತಿದ್ದಿ, ತಾರೀಖು ಹಾಕಿ, ಕೆಳಗೆ 'ಅವ್ವ' ಎಂದು ಬರೆದಳು. ಮೂರೂ ಊರುಗಳ ಫೋನುಗಳಲ್ಲಿ ಆ ಟಿಪ್ಪಣಿ ಈಗ ಎಲ್ಲಕ್ಕಿಂತ ಮೇಲಿದೆ.