ಅಕಾಲ ನಿವೃತ್ತಿ

ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವವರಿಗೆ ಯಾವ ಕಷ್ಟ ಬಂದರೂ ಮೊದಲು ಅದರ ಹೆಸರಿನ ಮೇಲೆ ಕಣ್ಣು ಬೀಳುತ್ತದೆ. ಹೆಣ್ಣಿಗೆ ತಿಂಗಳ ಮುಟ್ಟು ನಿಂತುಹೋಗುವುದನ್ನು ನಮ್ಮ ಶಬ್ದಕೋಶಗಳು ಋತುಬಂಧವೆನ್ನುತ್ತವೆ, ರಜೋನಿವೃತ್ತಿ ಎನ್ನುತ್ತವೆ. ಕಾಸರಗೋಡಿನವರಾದ ನಾವು ದಿನವೂ ಕೇಳುವ ಮಲೆಯಾಳದಲ್ಲಿ ಅದು ಆರ್ತವವಿರಾಮ. ಬಂಧವೆಂದರೆ ಯಾರೋ ಕಟ್ಟಿಹಾಕಿದಂತೆ ಕೇಳುತ್ತದೆ. ವಿರಾಮವೆಂದರೆ ವಾಕ್ಯದ ಕೊನೆಯ ಚುಕ್ಕೆ. ಮನೆಯ ಹೆಂಗಸರ ಮಾತಿನಲ್ಲಿ ಇವೊಂದೂ ಇಲ್ಲ. ಅವರು ‘ನಿಂತಿತು’ ಎಂದಷ್ಟೇ ಹೇಳುತ್ತಾರೆ. ಏನು ನಿಂತಿತು? ಕ್ರಿಯಾಪದ ಮಾತ್ರವಿದೆ, ಕರ್ತೃಪದವನ್ನು ಕೇಳುವವರೇ ಅಧ್ಯಾಹಾರ ಮಾಡಿಕೊಳ್ಳಬೇಕು.

ಸಂಬಳದ ಮೇಲೆ ಬದುಕುವ ನನಗೆ ನಿವೃತ್ತಿ ಎಂಬುದೇ ಹೆಚ್ಚು ಆಪ್ತವಾದ ಮಾತು. ನಮ್ಮ ರಾಜ್ಯದ ಅಧ್ಯಾಪಕರು ಬಹುಮಟ್ಟಿಗೆ ೫೬ಕ್ಕೆ ನಿವೃತ್ತರಾಗುತ್ತಾರೆ. ನಮ್ಮ ದೇಶದ ಹೆಂಗಸರ ಅಂಡಾಶಯಗಳು ಸರಾಸರಿ ೪೬ ಅಥವಾ ೪೭ಕ್ಕೆ, ಪಾಶ್ಚಾತ್ಯ ದೇಶಗಳವರವು ೫೧ಕ್ಕೆ. ನನ್ನವು ೩೬ಕ್ಕೇ ರಾಜೀನಾಮೆ ಕೊಟ್ಟುಬಿಟ್ಟವು. ಈ ಪತ್ರಿಕೆಯನ್ನು ವಿದ್ಯಾರ್ಥಿಗಳೂ ಓದುತ್ತಾರೆಂಬುದು ನನಗೆ ಗೊತ್ತಿದೆ. ಅವರ ಜೀವಶಾಸ್ತ್ರದ ಪುಸ್ತಕದಲ್ಲಿ ಇರುವುದನ್ನೇ ಹೇಳುವೆನಾದ್ದರಿಂದ ಸಂಕೋಚಪಡಲು ಕಾರಣ ಕಾಣುವುದಿಲ್ಲ.

೨೦೧೬ರಲ್ಲಿ ಅದು ಆರಂಭವಾಯಿತು. ಒಂಬತ್ತನೆಯ ತರಗತಿಯಲ್ಲಿ ಪದ್ಯ ಓದುತ್ತಿರುವಾಗಲೇ ಎದೆಯಿಂದ ಬಿಸಿಯೊಂದು ಎದ್ದು ಕೊರಳಿಗೆ, ಮುಖಕ್ಕೆ ಏರುವುದು. ಎರಡು ನಿಮಿಷದಲ್ಲಿ ಬೆವರು ಇಳಿದು ಚಳಿಯಾಗುವುದು. ರಾತ್ರಿ ಇದೇ ಕಥೆ ಮೂರು ನಾಲ್ಕು ಸಲ. ಮುಟ್ಟು ಎರಡು ತಿಂಗಳು ತಪ್ಪಿತು, ಒಮ್ಮೆ ಬಂದಿತು, ಮತ್ತೆ ತಪ್ಪಿತು. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗದಿದ್ದ ಮನೆಯಲ್ಲಿ ಮುಟ್ಟು ತಪ್ಪಿದರೆ ಏನೆಂದು ತಿಳಿಯುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಅತ್ತೆ ನನ್ನನ್ನು ತೆಂಗಿನಕಾಯಿ ಹೆರೆಯಲೂ ಬಿಡಲಿಲ್ಲ. ಮೊದಲು ಕಂಡ ವೈದ್ಯರು ಶಾಲೆಯ ಕೆಲಸದ ಒತ್ತಡವೆಂದು ಸತ್ತ್ವದ ಮಾತ್ರೆ ಬರೆದರು. ಕೊನೆಗೆ ಮಂಗಳೂರಿನ ಡಾಕ್ಟರಮ್ಮನೊಬ್ಬರು ರಕ್ತವನ್ನು ತೆಗೆಸಿ ನೋಡಿದರು. ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ತೆಗೆಸಿದರು.

ಅವರು ನೋಡಿದ್ದು ಎಫ್.ಎಸ್.ಎಚ್. ಎಂಬ ಹಾರ್ಮೋನನ್ನು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಈ ರಸವನ್ನು ಕಳುಹಿಸಿ ಅಂಡಾಶಯವನ್ನು ಕೆಲಸಕ್ಕೆ ಕರೆಯುತ್ತದೆ. ಅಂಡಾಶಯವು ಈಸ್ಟ್ರೊಜೆನ್ ಎಂಬ ರಸದ ಮೂಲಕ ‘ಹಾಜರು’ ಎಂದು ಉತ್ತರ ಕೊಡುತ್ತದೆ. ಉತ್ತರ ಬಾರದಿದ್ದರೆ ಹಾಜರಿ ಕರೆಯುವ ಮಾಸ್ತರರಂತೆ ಗ್ರಂಥಿಯ ದನಿ ಏರುತ್ತ ಹೋಗುತ್ತದೆ. ಆ ಸಂಖ್ಯೆ ೨೫ನ್ನು ಮೀರಿದರೆ ಅನುಮಾನಪಡಬೇಕೆಂಬುದು ನಿಯಮ. ನನ್ನದು ಮೊದಲ ಸಲ ೬೮, ಎರಡನೆಯ ಸಲ ೭೪. ಕರೆಯುವವರು ಕೂಗಿ ಕೂಗಿ ಸೋತಿದ್ದರು. ಕಾರಣವೇನೆಂದು ಕೇಳಿದೆ. ಕೆಲವರಿಗೆ ವರ್ಣತಂತುಗಳ ದೋಷವಿರುತ್ತದೆ, ಕೆಲವರಲ್ಲಿ ದೇಹವೇ ತನ್ನ ಅಂಗದ ಮೇಲೆ ತಿರುಗಿಬೀಳುತ್ತದೆ, ಕ್ಯಾನ್ಸರಿನ ಚಿಕಿತ್ಸೆಯಿಂದಲೂ ಆಗುವುದುಂಟು. ಬಹುಮಂದಿಯಲ್ಲಿ ಮಾತ್ರ ಕಾರಣವೇ ಸಿಕ್ಕುವುದಿಲ್ಲವೆಂದರು. ನಲವತ್ತರೊಳಗೆ ಹೀಗಾಗುವುದು ನೂರರಲ್ಲಿ ಒಬ್ಬಳಿಗೆ ಎಂದು ಬಹುಕಾಲ ಹೇಳುತ್ತಿದ್ದರು. ಈಚಿನ ಗಣನೆಗಳು ಮೂವರು ನಾಲ್ವರೆನ್ನುತ್ತವೆ. ಐನೂರು ಹುಡುಗಿಯರು ಓದುವ ಶಾಲೆಯೊಂದಿದ್ದರೆ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು.

ಮುಟ್ಟು ನಿಂತರೆ ಒಳ್ಳೆಯದೇ ಆಯಿತಲ್ಲ, ತಿಂಗಳ ಗೋಳು ತಪ್ಪಿತು ಎಂದು ಗೆಳತಿಯೊಬ್ಬಳು ಹೇಳಿದಳು. ನಿಂತದ್ದು ಮುಟ್ಟೊಂದೇ ಆಗಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ. ಈಸ್ಟ್ರೊಜೆನ್ ಗರ್ಭಕೋಶದ ಸೊತ್ತಲ್ಲ. ಮೂಳೆಯ ಗಟ್ಟಿತನ, ರಕ್ತನಾಳಗಳ ಮೃದುತ್ವ, ನಿದ್ರೆ, ಚರ್ಮ ಎಲ್ಲಕ್ಕೂ ಅದರ ಆಸರೆ ಬೇಕು. ಐವತ್ತರ ಹೆಂಗಸು ಅದನ್ನು ಕಳೆದುಕೊಳ್ಳುವುದು ಪ್ರಕೃತಿಯ ಕ್ರಮ. ಮೂವತ್ತಾರರವಳು ಕಳೆದುಕೊಂಡರೆ ಹದಿನಾಲ್ಕು ವರ್ಷ ಮೊದಲೇ ಮೂಳೆ ಸವೆಯತೊಡಗುತ್ತದೆ, ಹೃದಯದ ಕಾಯಿಲೆ ಬೇಗ ಹತ್ತಿರವಾಗುತ್ತದೆ. ನನ್ನ ಬೆನ್ನುಮೂಳೆಯ ಸಾಂದ್ರತೆಯ ಅಂಕ ಆಗಲೇ ಸೊನ್ನೆಯಿಂದ ೧.೯ರಷ್ಟು ಕೆಳಗಿತ್ತು, ೨.೫ ಕೆಳಗಿಳಿದರೆ ಅಸ್ಥಿರಂಧ್ರತೆಯೆನ್ನುತ್ತಾರೆ. ಆದ್ದರಿಂದ ದೇಹವು ಕೊಡದಿರುವುದನ್ನು ಹೊರಗಿನಿಂದ ಕೊಟ್ಟು, ಸಹಜವಾಗಿ ನಿಲ್ಲಬೇಕಾಗಿದ್ದ ವಯಸ್ಸಿನವರೆಗೆ, ಎಂದರೆ ಸುಮಾರು ಐವತ್ತರವರೆಗೆ ನಡೆಸಿಕೊಂಡು ಹೋಗಬೇಕು. ಅವಧಿಗೆ ಮೊದಲೇ ಮನೆಗೆ ಹೋದವರಿಗೆ ಪಿಂಚಣಿ ಕೊಟ್ಟಂತೆ. ಥೈರಾಯ್ಡ್ ಸೋತವರು ಅದರ ಮಾತ್ರೆ ನುಂಗುವುದೂ ಇದೇ ನ್ಯಾಯದಿಂದಲೇ. ಆದರೆ ಥೈರಾಯ್ಡಿನ ಮಾತ್ರೆಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನುಂಗಬಹುದು. ಇದನ್ನು ಮಾತ್ರ ಕೈಚೀಲದ ತಳದಲ್ಲಿಡಬೇಕು!

ಮಾತ್ರೆಯ ಡಬ್ಬಿಯೊಳಗಿನ ಕಾಗದವನ್ನು ಬಿಡಿಸಿದಾಗ ನಮ್ಮ ಯಜಮಾನರ ಮುಖ ಸಪ್ಪಗಾಯಿತು. ಅದರಲ್ಲಿ ಕ್ಯಾನ್ಸರ್ ಎಂಬ ಮಾತು ಮತ್ತೆ ಮತ್ತೆ ಬಂದಿತ್ತು. ಇದರ ಹಿಂದೆ ಒಂದು ಇತಿಹಾಸವಿದೆ. ೧೯೬೬ರಲ್ಲಿ ಅಮೆರಿಕದ ರಾಬರ್ಟ್ ವಿಲ್ಸನ್ ಎಂಬ ವೈದ್ಯ ಗ್ರಂಥವೊಂದನ್ನು ಬರೆದು, ಈಸ್ಟ್ರೊಜೆನ್ ಸೇವಿಸಿದ ಹೆಣ್ಣು ಚಿರಯೌವನೆಯಾಗಿ ಉಳಿಯುವಳೆಂದು ಸಾರಿದ. ಮುಪ್ಪನ್ನೇ ರೋಗವೆಂದು ಕರೆದ ಆ ಮಾತು ನನಗಂತೂ ಹಿಡಿಸುವುದಿಲ್ಲ. ಲಕ್ಷಾಂತರ ಮಂದಿ ಅದನ್ನು ಒಂಟಿಯಾಗಿಯೇ ನುಂಗಿದರು. ಈಸ್ಟ್ರೊಜೆನ್ ಮಾತ್ರ ಇದ್ದರೆ ಗರ್ಭಕೋಶದ ಒಳಪೊರೆ ಬೆಳೆಯುತ್ತಲೇ ಹೋಗಿ ಅಲ್ಲಿ ಕ್ಯಾನ್ಸರಿಗೆ ಎಡೆಯಾಗುವುದೆಂದು ೧೯೭೫ರಲ್ಲಿ ಹೊರಬಿದ್ದಿತು. ಅಂದಿನಿಂದ ಗರ್ಭಕೋಶವಿರುವವರಿಗೆ ಎರಡನೆಯ ರಸವಾದ ಪ್ರೊಜೆಸ್ಟರೋನನ್ನೋ ಅದರ ಬಂಧುವನ್ನೋ ಜೊತೆಗೆ ಕೊಡುವುದು ಕಡ್ಡಾಯವಾಯಿತು. (ಈ ಪ್ರೊಜೆಸ್ಟರೋನನ್ನು ಮೆಕ್ಸಿಕೋದ ಕಾಡುಗೆಣಸಿನಿಂದ ಮಾಡಬಹುದೆಂದು ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞ ೧೯೪೦ರ ದಶಕದ ಆರಂಭದಲ್ಲಿ ತೋರಿಸಿದ್ದ. ನಮ್ಮ ಗುಡ್ಡಗಳ ಗೆಣಸಿನ ಬಳ್ಳಿಗಳೂ ಅದೇ ಬಳಗದವು. ಅತ್ತೆಗೆ ಈ ಮದ್ದಿನ ಮೇಲೆ ಅಲ್ಪಸ್ವಲ್ಪ ಗೌರವ ಹುಟ್ಟಿದ್ದು ಈ ಸಂಗತಿ ಕೇಳಿದ ಮೇಲೆಯೇ.)

ಆಮೇಲೆ ೨೦೦೨ರ ದೊಡ್ಡ ಭೀತಿ. ಅಮೆರಿಕದಲ್ಲಿ ೧೬,೬೦೮ ಹೆಂಗಸರ ಮೇಲೆ ನಡೆಯುತ್ತಿದ್ದ ಪರೀಕ್ಷೆಯೊಂದನ್ನು ಆ ಜುಲೈಯಲ್ಲಿ ನಡುವೆಯೇ ನಿಲ್ಲಿಸಿದರು. ಎರಡು ರಸಗಳನ್ನು ದಿನವೂ ತೆಗೆದುಕೊಂಡ ಹತ್ತು ಸಾವಿರ ಮಂದಿಯಲ್ಲಿ ವರ್ಷಕ್ಕೆ ಎಂಟು ಮಂದಿಗೆ ಹೆಚ್ಚಾಗಿ ಸ್ತನದ ಕ್ಯಾನ್ಸರ್ ಬಂದಿತ್ತು. ಪಾರ್ಶ್ವವಾಯುವೂ ರಕ್ತ ಹೆಪ್ಪುಗಟ್ಟುವುದೂ ಹೆಚ್ಚಿದ್ದವು. ಸೊಂಟದ ಮೂಳೆ ಮುರಿಯುವುದು ಕಡಿಮೆಯಾದುದು ಯಾರ ಕಿವಿಗೂ ಬೀಳಲಿಲ್ಲ. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಟೀಚರೇ, ಆ ಹೆಂಗಸರ ಪ್ರಾಯ ಎಷ್ಟಿತ್ತು ಗೊತ್ತುಂಟಾ?” ಐವತ್ತರಿಂದ ಎಪ್ಪತ್ತೊಂಬತ್ತು, ಸರಾಸರಿ ಅರವತ್ತಮೂರು. ಪ್ರಕೃತಿಯೇ ನಿಲ್ಲಿಸಿದ ಮೇಲೆ ಮತ್ತೆ ಕೊಟ್ಟ ಕಥೆ ಅದು. ನನಗೆ ಕೊಡುವುದು ನನ್ನ ಓರಗೆಯವರ ದೇಹದಲ್ಲಿ ತಾನಾಗಿ ಹರಿಯುತ್ತಿರುವುದನ್ನು. ಅರವತ್ತರ ಲೆಕ್ಕವನ್ನು ಮೂವತ್ತಾರಕ್ಕೆ ಹಚ್ಚಬಾರದು. ೨೦೨೫ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಈ ಮದ್ದುಗಳ ಕಪ್ಪು ಚೌಕಟ್ಟಿನ ಎಚ್ಚರಿಕೆಯಲ್ಲಿ ಬಹುಭಾಗವನ್ನು ತೆಗೆಸಲು ಮುಂದಾಯಿತು. ಒಂಟಿ ಈಸ್ಟ್ರೊಜೆನ್ನಿನಿಂದ ಗರ್ಭಕೋಶಕ್ಕಿರುವ ಅಪಾಯದ ಮಾತನ್ನು ಮಾತ್ರ ಉಳಿಸಿಕೊಂಡಿತು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಈ ಮದ್ದನ್ನು ತೆಗೆದುಕೊಳ್ಳಲು ಎರಡು ಕ್ರಮಗಳಿವೆ. ಒಂದರಲ್ಲಿ ಈಸ್ಟ್ರೊಜೆನ್ ದಿನವೂ, ಪ್ರೊಜೆಸ್ಟರೋನ್ ತಿಂಗಳಲ್ಲಿ ಹನ್ನೆರಡು ಹದಿನಾಲ್ಕು ರಾತ್ರಿ ಮಾತ್ರ. ಅದನ್ನು ನಿಲ್ಲಿಸಿದೊಡನೆ ಒಳಪೊರೆ ಕಳಚಿ ರಕ್ತ ಹೋಗುತ್ತದೆ, ನೋಡಿದವರಿಗೆ ಮುಟ್ಟಿನಂತೆಯೇ. ಇನ್ನೊಂದು ಸತತ ಕ್ರಮ. ಎರಡನ್ನೂ ಒಂದು ದಿನವೂ ಬಿಡದೆ ತೆಗೆದುಕೊಳ್ಳುವುದು. ಒಳಪೊರೆ ತೆಳ್ಳಗೇ ಉಳಿಯುತ್ತದೆ, ರಕ್ತವಿಲ್ಲ. ಮುಟ್ಟು ನಿಂತ ಹೊಸದರಲ್ಲಿ ಸತತ ಕ್ರಮ ಹಿಡಿದರೆ ಅಕಾಲದಲ್ಲಿ ಹನಿ ಕಾಣುವುದುಂಟಾದ್ದರಿಂದ ನನಗೆ ಮೊದಲು ತಿಂಗಳ ಕ್ರಮವನ್ನೇ ಕೊಟ್ಟರು.

ಬಿಸಿಯೇರುವುದು ಮೂರು ವಾರದಲ್ಲಿ ಅಡಗಿತು. ‘ಮುಟ್ಟು’ ತಿಂಗಳು ತಪ್ಪದೆ ಬಂದಿತು. ನಮ್ಮ ಮನೆಯಲ್ಲಿ ಹೊರಗಾಗುವ ಪದ್ಧತಿ ಪೂರ್ತಿ ಅಳಿದಿಲ್ಲ. ಶಾಲೆಗೆ ಹೋಗಬಹುದು, ಬಸ್ಸು ಹತ್ತಬಹುದು. ಅಡುಗೆಮನೆಗೂ ದೇವರ ಕೋಣೆಗೂ ಮೂರು ದಿನ ಹೋಗುವಂತಿಲ್ಲ. ಮೊದಲ ಸಲ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: “ಮಗಳೇ, ಇದು ದೇವರು ಕೊಟ್ಟದ್ದೋ, ಮದ್ದು ಕೊಟ್ಟದ್ದೋ? ಮದ್ದಿನದ್ದಾದರೆ ಹೊರಗೆ ಕೂರುವುದು ಯಾಕೆ?” ಇಷ್ಟು ಸೂಕ್ಷ್ಮವಾದ ಧರ್ಮಪ್ರಶ್ನೆಗೆ ಉತ್ತರ ಕೊಡಬಲ್ಲ ಪುರೋಹಿತರು ನಮ್ಮ ಸೀಮೆಯಲ್ಲಿ ಇದ್ದಾರೆಂದು ನಾನು ನಂಬುವುದಿಲ್ಲ. ಇಬ್ಬರೂ ನಕ್ಕೆವು. ಆದರೆ ತಿಂಗಳುಗಳು ಕಳೆದಂತೆ ಅವರ ಮಾತಿನ ದಾಟಿ ಬದಲಾಯಿತು. “ಸರಿಯಾಗಿ ಇಪ್ಪತ್ತೆಂಟಕ್ಕೆ ಬರುತ್ತಾ ಉಂಟಲ್ಲ, ಇನ್ನು ಹೆದರಿಕೆಯಿಲ್ಲ” ಎಂದರು ಒಮ್ಮೆ. ಮಧೂರಿನ ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡರು. ವಿಷಯವೆಲ್ಲವನ್ನೂ ನಾವು ಮೊದಲೇ ತಿಳಿಸಿದ್ದೆವು. ತಿಳಿಯುವುದು ಬೇರೆ, ಕಣ್ಣೆದುರು ಕಾಣುವುದು ಬೇರೆ. ನನ್ನ ಸ್ಥಿತಿಯವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ತಾನಾಗಿ ಗರ್ಭ ನಿಲ್ಲುವುದೂ ಉಂಟು. ಈ ಮದ್ದು ಅದನ್ನು ತರಿಸುವುದೂ ಇಲ್ಲ, ತಡೆಯುವುದೂ ಇಲ್ಲ. ಆದರೆ ಅತ್ತೆಯ ಆಸೆ ನಿಂತದ್ದು ಆ ಐದರ ಮೇಲಲ್ಲ, ಕ್ಯಾಪ್ಸೂಲು ತರಿಸುತ್ತಿದ್ದ ರಕ್ತದ ಮೇಲೆ.

೨೦೧೮ರ ಬೇಸಗೆ ರಜೆಯಲ್ಲಿ ಡಾಕ್ಟರಮ್ಮ, ಎರಡು ವರ್ಷವಾಯಿತು, ಬೇಕಿದ್ದರೆ ಸತತ ಕ್ರಮಕ್ಕೆ ಬರಬಹುದು ಎಂದರು. ವೈದ್ಯಶಾಸ್ತ್ರದ ದೃಷ್ಟಿಯಿಂದ ಯಾವುದೂ ಆಗಬಹುದು, ಆಯ್ಕೆ ನನ್ನದು. ಹೊರಗಿನವರಿಗೆ ಇದು ಮಾತ್ರೆಯ ಲೆಕ್ಕವೆಂದು ತೋರಬಹುದು. ನನಗೆ ಅದೊಂದು ವಾರದ ನಿದ್ರೆಯನ್ನು ಕೆಡಿಸಿತು. ತಿಂಗಳ ಆ ರಕ್ತ ಸುಳ್ಳೆಂದು ಬಲ್ಲೆ. ಆದರೂ ಓರಗೆಯ ಹೆಂಗಸರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದ್ದ ಗುರುತು ಅದೊಂದೇ. ಅದನ್ನು ಬಿಟ್ಟರೆ ನನ್ನ ಕೈಯಿಂದಲೇ ಪೂರ್ಣವಿರಾಮ ಹಾಕಿದಂತೆ. ಬಿಡದಿದ್ದರೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕ್ಯಾಲೆಂಡರು ನೋಡುತ್ತ ಕೂರುತ್ತಾರೆ. ಸತತ ಕ್ರಮವನ್ನೇ ಬರೆಸಿಕೊಂಡೆ. ಎಸ್ಟ್ರಡಯಾಲ್ ೨ ಮಿಲಿಗ್ರಾಂ, ಪ್ರೊಜೆಸ್ಟರೋನ್ ೧೦೦ ಮಿಲಿಗ್ರಾಂ. ಎರಡನೆಯದು ನಿದ್ರೆ ತರಿಸುವುದರಿಂದ ರಾತ್ರಿ ಮಲಗುವಾಗ.

ಅತ್ತೆಗೆ ನಾನೇ ಹೇಳಿದೆ. “ಇನ್ನು ಮುಂದೆ ಬರುವುದಿಲ್ಲ ಅತ್ತೆ” ಎಂದಷ್ಟೇ ಹೇಳಿದೆ. ನಾನೂ ಕರ್ತೃಪದವನ್ನು ಬಿಟ್ಟೆ. ಅವರು ವೀಳ್ಯದೆಲೆಯ ತೊಟ್ಟು ಮುರಿಯುತ್ತ ಬಹಳ ಹೊತ್ತು ಕುಳಿತಿದ್ದರು. “ಹಾಗಾದರೆ ನವರಾತ್ರಿಯ ನೈವೇದ್ಯಕ್ಕೆ ಒಂಬತ್ತು ದಿನವೂ ನೀನೇ ಆಯಿತು” ಎಂದರು. ಹೇಳಿಕೊಂಡಿದ್ದ ಸೇವೆಯನ್ನು ಆ ಸೋಣ ತಿಂಗಳಲ್ಲಿ ಮಧೂರಿಗೆ ಹೋಗಿ ಸಲ್ಲಿಸಿಯೇ ಬಂದರು. ಕೈಗೂಡದ ಹರಕೆಯನ್ನು ಏಕೆ ತೀರಿಸಿದರೆಂದು ನಾನು ಕೇಳಲಿಲ್ಲ. ಅಪ್ಪವನ್ನು ಮಾತ್ರ ತಿಂದೆ.

ಮೊದಲ ನಾಲ್ಕು ತಿಂಗಳು ಅಲ್ಲಲ್ಲಿ ಹನಿ ಕಾಣಿಸಿತು. ಆರು ತಿಂಗಳು ಮೀರಿಯೂ ಕಂಡರೆ, ಅಥವಾ ನಿಂತ ಮೇಲೆ ಮತ್ತೆ ಕಂಡರೆ ಪರೀಕ್ಷಿಸಬೇಕೆಂದಿದ್ದರು. ಅದಕ್ಕೆ ಅವಕಾಶ ಬರಲಿಲ್ಲ. ಆದರೆ ‘ಸತತ’ ಎಂಬುದು ಗಡಿನಾಡಿನಲ್ಲಿ ಅಷ್ಟು ಸುಲಭದ ಮಾತಲ್ಲ. ೨೦೨೦ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳ ಮೇಲೆ ಮಣ್ಣಿನ ರಾಶಿ ಬಿದ್ದಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ಕೆಲವು ರೋಗಿಗಳು ದಾರಿ ಸಿಕ್ಕದೆ ತೀರಿಕೊಂಡರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅವರ ಸಂಕಟದ ಮುಂದೆ ನನ್ನ ಮಾತ್ರೆಯ ಮಾತು ಆಡುವುದಕ್ಕೂ ನಾಚಿಕೆಯಾಗುತ್ತಿತ್ತು. ನನ್ನ ಮದ್ದಿನ ಅಂಗಡಿ ಗಡಿಯ ಆಚೆಗಿತ್ತು. ಹನ್ನೊಂದು ದಿನ ಮದ್ದಿಲ್ಲ. ಐದನೆಯ ರಾತ್ರಿಗೇ ಹಳೆಯ ಬಿಸಿ ಮರಳಿ ಬಂದು ಎಬ್ಬಿಸಿತು. ಆ ದಿನಗಳಲ್ಲಿ ಕೇರಳದ ಅಗ್ನಿಶಾಮಕ ದಳದವರು ಊರಿಂದೂರಿಗೆ ಮದ್ದು ಮುಟ್ಟಿಸುತ್ತಿದ್ದರು. ನನ್ನ ಪೊಟ್ಟಣ ಕಣ್ಣೂರಿನಿಂದ ಅವರ ಕೆಂಪು ಜೀಪಿನಲ್ಲಿ ಬಂದಿತು. ಎಲ್ಲಿ ಬೆಂಕಿ ಬಿದ್ದಿತೆಂದು ನೆರೆಯವರೆಲ್ಲ ಅಂಗಳಕ್ಕೆ ಬಂದು ನೋಡಿದರು. ಅವರ ಊಹೆ ಪೂರ್ತಿ ತಪ್ಪೆಂದು ಹೇಳಲಾರೆ.

ಮೂಳೆಯ ಅಂಕ ೧.೯ರಿಂದ ೧.೫ಕ್ಕೆ ಮೇಲೇರಿದೆ. ಈಗ ಮಾತ್ರೆ ಮೂರು ತಿಂಗಳಿಗಾಗುವಷ್ಟು ಮನೆಯಲ್ಲಿರುತ್ತದೆ. ನಮ್ಮ ಅಧ್ಯಾಪಿಕೆಯರಲ್ಲಿ ಇಬ್ಬರು ಬೇರೆ ಬೇರೆ ಸಂದರ್ಭದಲ್ಲಿ ನನ್ನನ್ನು ವರಾಂಡದ ಮೂಲೆಗೆ ಕರೆದು, ದನಿ ತಗ್ಗಿಸಿ, “ಟೀಚರೇ, ನಿಮ್ಮದು ಯಾವ ಮಾತ್ರೆ?” ಎಂದು ಕೇಳಿದ್ದಾರೆ. ಮಾತ್ರೆಯ ಹೆಸರನ್ನು ಹೇಳಿಲ್ಲ, ಡಾಕ್ಟರಮ್ಮನ ವಿಳಾಸ ಕೊಟ್ಟೆ. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ ಇದು ಸಲ್ಲದು. ರಕ್ತ ಹೆಪ್ಪುಗಟ್ಟಿದ್ದವರಿಗೂ ಯಕೃತ್ತಿನ ಬೇನೆಯಿರುವವರಿಗೂ ಬೇರೆ ದಾರಿ ನೋಡಬೇಕಾಗುತ್ತದೆ. ಒಬ್ಬರ ದೇಹದ ಲೆಕ್ಕ ಇನ್ನೊಬ್ಬರ ಪುಸ್ತಕಕ್ಕೆ ಇಳಿಯುವುದಿಲ್ಲ. ಇಬ್ಬರಲ್ಲಿ ಒಬ್ಬಳು ಬರುವ ಶನಿವಾರ ಹೋಗುತ್ತಾಳಂತೆ. ಜೊತೆಗೆ ಬರಬೇಕೆಂದು ಕೇಳಿಕೊಂಡಿದ್ದಾಳೆ. ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುವುದೆಂದಾಗಿದೆ.