ಅತ್ತೆಯ ತವರು

ಹೆಣ್ಣುಮಕ್ಕಳ ಪ್ರವಾಸ ಎಂದರೆ ಹಿಂದೆಲ್ಲ ಏನಿತ್ತು ಹೇಳಿ? ಮದುವೆಗೆ ಹೋಗಬೇಕು, ಬಾಣಂತನಕ್ಕೆ ಹೋಗಬೇಕು, ಇಲ್ಲವೇ ಹರಕೆ ತೀರಿಸಲು ಜಾತ್ರೆಗೆ ಹೋಗಬೇಕು. ಸುಮ್ಮನೆ ನೋಡಿಬರಲಿಕ್ಕೆಂದೇ ಮನೆ ಬಿಟ್ಟು ಹೊರಡುವುದು ನಮ್ಮತ್ತೆಗೆ ಈಗಲೂ ಅರ್ಥವಾಗದ ಸಂಗತಿ. "ಹೆಣ್ಣು ನೋಡಕ್ಕೆ ಹೋಗ್ತಾರೆ, ಬಾಣಂತಿ ನೋಡಕ್ಕೆ ಹೋಗ್ತಾರೆ. ನೀರು ನೋಡಕ್ಕೆ ಯಾರಾದ್ರೂ ಹೋಗ್ತಾರೇನವ್ವ?" ಎನ್ನುತ್ತಾರೆ ಅವರು. ಅವರಿಗೀಗ ಎಂಬತ್ತಮೂರು.

ಹೋದ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಮಗಳು ಬಂದಳು. ಬರುವಾಗಲೇ ಮೊಬೈಲಿನಲ್ಲಿ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದಳು. "ಅಮ್ಮ, ನೀನು ಹುಣಸೂರಿಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷವಾಯಿತು. ಸುತ್ತಮುತ್ತ ಏನು ನೋಡಿದ್ದೀಯ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕು ತಾಲ್ಲೂಕು ಎರಡು ದಿನಕ್ಕೆ ಸಾಕು. ಕಾರು ನಾನೇ ಓಡಿಸುತ್ತೇನೆ" ಎಂದಳು. ಸಾಲಿಗ್ರಾಮ, ಸರಗೂರು ಈಗ ಬೇರೆ ತಾಲ್ಲೂಕುಗಳಾಗಿವೆ ಎಂದು ನಮ್ಮ ಮನೆಯವರು ತಿದ್ದಿದರು. ನಮ್ಮ ಬಾಯಿಗೆ ಮಾತ್ರ ಹಳೆಯ ಲೆಕ್ಕವೇ ಸಲೀಸು.

ಮೊದಲ ದಿನ ಕೆ.ಆರ್. ನಗರ. ಅದು ನನ್ನ ತವರು. ಹುಣಸೂರಿನಿಂದ ಬೆಳಗಿನ ತಿಂಡಿ ಮುಗಿಸಿ ಹೊರಟರೆ ಕಾಫಿಯ ಹೊತ್ತಿಗೆ ಅಣ್ಣನ ಮನೆ. ಅತ್ತೆಯನ್ನು ಒಂಟಿಯಾಗಿ ಬಿಡಬಾರದೆಂದು ಅವರನ್ನೂ ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಕೂರಿಸಿಕೊಂಡೆವು. ದಾರಿಯುದ್ದಕ್ಕೂ ಹೊಗೆಸೊಪ್ಪಿನ ಸಸಿ ಮಡಿಗಳು, ಬ್ಯಾರನ್ನುಗಳು. ಕೆ.ಆರ್. ನಗರದ ಕಡೆಗೆ ತಿರುಗಿದ ಮೇಲೆ ನಾಲೆ, ಕುಯ್ಲಾದ ಗದ್ದೆ, ತೆಂಗು.

ನಮ್ಮೂರಿನ ರಸ್ತೆಗಳು ನೇರವಾಗಿವೆ, ಅಗಲವಾಗಿವೆ. ಚಿಕ್ಕವಳಿದ್ದಾಗ ಎಲ್ಲ ಊರೂ ಹೀಗೆಯೇ ಇರುತ್ತದೆಂದುಕೊಂಡಿದ್ದೆ. ಆಮೇಲೆ ತಾತ ಹೇಳಿದರು. ಹಳೆಯ ಊರು ಎಡತೊರೆ, ಕಾವೇರಿಯ ದಡದಲ್ಲೇ ಇತ್ತು. ಪ್ರವಾಹದ ಕಾಟ ತಡೆಯಲಾರದೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಲ್ಪ ದೂರದಲ್ಲಿ ನಕ್ಷೆ ಹಾಕಿ ಹೊಸ ಊರು ಕಟ್ಟಿಸಿದರು. ಅದಕ್ಕೇ ಅದು ಕೃಷ್ಣರಾಜನಗರ. ಅರ್ಕೇಶ್ವರ ಮಾತ್ರ ಹೊಳೆಯ ದಡದಲ್ಲೇ ಉಳಿದ. ನಮ್ಮ ಮನೆಯ ಮುದುಕಿಯರು ಕಡೆಯವರೆಗೂ "ಎಡತೊರೆ" ಎಂದೇ ಹೇಳುತ್ತಿದ್ದರು.

ಹೊರಡುವಾಗ ಅತ್ತಿಗೆ ಕುಂಕುಮ ಇಟ್ಟು, ನನ್ನ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಹಾಕಿ ಮಡಿಲು ತುಂಬಿದರು. ಅತ್ತೆ ಬಾಗಿಲಲ್ಲಿ ಕೋಲು ಊರಿ ನಿಂತು ನೋಡುತ್ತಿದ್ದರು. ಕಾರು ಹೊರಟ ಮೇಲೆ, "ನಿನಗೇನವ್ವ, ಕಾಫಿ ಆರೋಷ್ಟರಲ್ಲಿ ತವರು" ಎಂದರು. ನಾನು ನಕ್ಕೆ. ಅವರು ನಗಲಿಲ್ಲವೆಂದು ನನಗೆ ಹೊಳೆದದ್ದು ಆಮೇಲೆ.

ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು 60 ಅಡಿ ಎತ್ತರದಿಂದ ಬೀಳುತ್ತಾಳೆ. ಆಷಾಢ, ಶ್ರಾವಣದಲ್ಲಿ ಬಂದರೆ ಎದೆ ನಡುಗಬೇಕು. ನಾವು ಹೋದದ್ದು ಬೇಸಿಗೆ. ಬಂಡೆಯ ಮೇಲೆ ಒಣಹಾಕಿದ ಬಿಳಿ ಪಂಚೆಗಳಂತೆ ನಾಲ್ಕಾರು ಎಳೆ ನೀರು. ಮಗಳ ಮುಖ ಬಾಡಿತು. ಅತ್ತೆಗೆ ಮಾತ್ರ ಕೋದಂಡರಾಮನ ಗುಡಿ ಮೆಚ್ಚಿಕೆಯಾಯಿತು. ಅಲ್ಲಿ ಸೀತೆ ನಿಂತಿರುವುದು ರಾಮನ ಬಲಗಡೆ. ಎಲ್ಲ ಕಡೆ ಎಡಗಡೆ ನಿಲ್ಲುವ ಸೀತಮ್ಮ ಇಲ್ಲೇಕೆ ಬಲಕ್ಕೆ ಬಂದಳೆಂದು ಮಗಳು ಕೇಳಿದಳು. "ಕಾಡಲ್ಲವೇನೆ, ಇಲ್ಲಿ ಅತ್ತೆ ಮಾವ ಇರಲಿಲ್ಲ. ಇಷ್ಟ ಬಂದ ಕಡೆ ನಿಂತಳು" ಎಂದರು ಅತ್ತೆ. ವನವಾಸದಲ್ಲಿದ್ದವರಿಗೆ ಚುಂಚ, ಚುಂಚಿ ಎಂಬ ಕಾಡಿನ ಗಂಡ ಹೆಂಡಿರು ಇಲ್ಲಿ ಆಶ್ರಯ ಕೊಟ್ಟರೆಂದು ಸ್ಥಳದ ಕಥೆ. ಊರಿನ ಹೆಸರು ರಾಮನದಾಗಲಿಲ್ಲ, ಇರಲು ಜಾಗ ಕೊಟ್ಟವರದಾಯಿತು.

ಮಧ್ಯಾಹ್ನ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನಿಗೆ ಕೆಳಗಿನಿಂದಲೇ ಕೈಮುಗಿದೆವು. ಮೆಟ್ಟಿಲು ಹತ್ತುವ ಮಾತನ್ನು ನನ್ನ ಮಂಡಿಯೂ ಎತ್ತಲಿಲ್ಲ, ಅತ್ತೆಯ ಮಂಡಿಯೂ ಎತ್ತಲಿಲ್ಲ. ಅಲ್ಲಿಂದ ಬೈಲಕುಪ್ಪೆ.

ಬೈಲಕುಪ್ಪೆಯ ಚಿನ್ನದ ಗುಡಿಯನ್ನು ನೀವೂ ನೋಡಿರುತ್ತೀರಿ. 1999ರಲ್ಲಿ ತೆರೆದ ಆ ಮಂದಿರದಲ್ಲಿ ಬುದ್ಧನ ವಿಗ್ರಹ 60 ಅಡಿ. ಮಗಳು ಒಳಗೆ ಫೋಟೋ ತೆಗೆಯುತ್ತಿದ್ದಳು. ಅತ್ತೆ ಹೊರಗೆ ಮರದ ನೆರಳಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಒಬ್ಬ ಟಿಬೆಟಿನ ಅಜ್ಜಿ, ಪಟ್ಟೆಪಟ್ಟೆಯ ಮುಂಗಟ್ಟು ಕಟ್ಟಿಕೊಂಡು, ಕೈಯಲ್ಲಿ ಪ್ರಾರ್ಥನಾ ಚಕ್ರ ತಿರುಗಿಸುತ್ತ ಕೂತಿದ್ದರು. ನಾನು ನೀರು ತರುವಷ್ಟರಲ್ಲಿ ಇಬ್ಬರಿಗೂ ಸ್ನೇಹವಾಗಿತ್ತು. ಆ ಅಜ್ಜಿಯ ಕನ್ನಡ ಪಿರಿಯಾಪಟ್ಟಣದ ಸಂತೆಯ ಕನ್ನಡ, ನನ್ನದಕ್ಕಿಂತ ಗಟ್ಟಿ. ಮೊದಲು ಮಂಡಿನೋವಿನ ಮಾತು, ಆಮೇಲೆ ಮುಸುಕಿನ ಜೋಳದ ರೇಟು. 1960ರ ಸುಮಾರಿಗೆ ಸರ್ಕಾರ ಕೊಟ್ಟ ಈ ಜಾಗ ಬರೀ ಕಾಡಾಗಿತ್ತಂತೆ. ಮರ ಕಡಿದು, ಆನೆ ಓಡಿಸಿ, ಹೊಲ ಮಾಡಿದರಂತೆ.

"ನಿಮ್ಮ ಊರು ಈಗಲೂ ಐತಾ?" ಅತ್ತೆ ಕೇಳಿದರು.

"ಐತೆ. ಹೋಗಕ್ಕಾಗಲ್ಲ."

"ನಂದು ಹೋಗಬೈದು. ಊರೇ ಇಲ್ಲ" ಎಂದರು ಅತ್ತೆ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಮಂಡಿನೋವಿಗೆ ಹಿಂತಿರುಗಿದರು. ಆ ಅಜ್ಜಿ ಯಾವುದೋ ಎಣ್ಣೆಯ ಹೆಸರು ಹೇಳಿದರು. ಅತ್ತೆ ನನ್ನ ಕೈಲಿ ಬರೆಸಿಕೊಂಡರು.

ಈಗ ಆ ಊರಿನ ಕಥೆ ಹೇಳಬೇಕು. ಅತ್ತೆ ಹುಟ್ಟಿ ಬೆಳೆದದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಿತ್ತೂರಿನ ಹತ್ತಿರದ ಒಂದು ಸಣ್ಣ ಹಳ್ಳಿ. ಕಪಿಲೆಗೆ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರಲ್ಲಿ ನಿಲ್ಲುವ ನೀರು 19.52 ಟಿಎಂಸಿ. ಆ ಲೆಕ್ಕದೊಳಗೆ ಅತ್ತೆಯ ಅಪ್ಪನ ಮನೆ, ರಾಗಿ ಕಣ, ಹುಣಸೆ ಮರ, ಬಾವಿ ಎಲ್ಲವೂ ಸೇರಿದವು. ಅಣ್ಣತಮ್ಮಂದಿರು ಸಿಕ್ಕ ಹಣ ತೆಗೆದುಕೊಂಡು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ನಮ್ಮ ಮನೆಯವರು ಹುಟ್ಟಿದ್ದು ಆ ಹಳ್ಳಿಯಲ್ಲೇ. ಯಾವುದಾದರೂ ಅರ್ಜಿಯಲ್ಲಿ "ಹುಟ್ಟಿದ ಸ್ಥಳ" ಎಂದು ಬಂದರೆ, ಪೆನ್ನು ಹಿಡಿದು ಅರೆಗಳಿಗೆ ಯೋಚಿಸುತ್ತಾರೆ.

ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದೇ ನನ್ನನ್ನು ಚುಚ್ಚುವ ವಿಷಯ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಎರಡು ಸಲ ಕಬಿನಿ ಅಣೆಕಟ್ಟಿಗೆ ಹೋಗಿಬಂದೆ. ಸಂಜೆ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, "ಎಷ್ಟು ಚೆಂದ ಅತ್ತೆ! ಕಣ್ಣು ಹಾಯಿಸಿದಷ್ಟೂ ನೀರು, ಸಮುದ್ರದ ಹಾಗೆ" ಎಂದು ವರ್ಣಿಸಿದೆ. ಅತ್ತೆ ರೊಟ್ಟಿ ತಟ್ಟುತ್ತಿದ್ದರು. ತಿರುಗದೆಯೇ, "ನೀರು ಎಷ್ಟಿತ್ತು?" ಎಂದು ಕೇಳಿದರು. "ತುಂಬಿತ್ತು" ಎಂದೆ. ಅವರು ಇನ್ನೊಂದು ರೊಟ್ಟಿ ಕಾವಲಿಗೆ ಹಾಕಿದರು. ಅಷ್ಟೇ. ಆ ಪ್ರಶ್ನೆ ಏಕೆ ಕೇಳಿದರೆಂದು ನಾನು ಮೂವತ್ತು ವರ್ಷ ಯೋಚಿಸಲಿಲ್ಲ.

ಬೈಲಕುಪ್ಪೆಯಿಂದ ಬಂದ ರಾತ್ರಿ ಅತ್ತೆಯೇ ಹೇಳಿದರು, "ನಾಳೆ ಕೋಟೆ ಕಡೆ ಹೋಗೋದಾದ್ರೆ ನಾನೂ ಬತ್ತೀನಿ." ನಮ್ಮ ಮನೆಯವರು ಎಷ್ಟೋ ಸಲ ಕರೆದಾಗ ಒಲ್ಲೆ ಎಂದವರು ಅವರು. ನಾವು ಯಾರೂ ಏಕೆಂದು ಕೇಳಲಿಲ್ಲ.

ಬೆಳಿಗ್ಗೆ ಬುತ್ತಿ ಕಟ್ಟುತ್ತಿದ್ದಾಗ ಜೇನು ಮಾರುವ ಹೆಂಗಸು ಬಂದಳು. ಜೇನುಕುರುಬರವಳು. ನಾಗರಹೊಳೆ ಕಾಡಿನ ಹಾಡಿ ಬಿಟ್ಟು, ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಕೊಟ್ಟ ಮನೆಗೆ ಬಂದ ಕುಟುಂಬ ಅವಳದು. ಹುಲಿಗೆ, ಆನೆಗೆ ಕಾಡು ಬೇಕೆಂದು ಇವರನ್ನು ಹೊರಗೆ ತಂದರು. ಹುಲಿ ಉಳಿಯಬೇಕು, ಅದು ಸರಿಯೇ. "ಮನೆ ಐತೆ ಅಮ್ಮಾರೆ, ದೇವರು ಮಾತ್ರ ಅಲ್ಲೇ ಒಳಗೆ ಅವ್ನೆ" ಎಂದು ಅವಳು ಹಿಂದೊಮ್ಮೆ ಹೇಳಿದ್ದು ನನಗೆ ಮರೆತಿಲ್ಲ. ಅತ್ತೆ ಅವಳ ಹತ್ತಿರ ಎಂದೂ ಚೌಕಾಸಿ ಮಾಡುವುದಿಲ್ಲ. ತರಕಾರಿಯವನನ್ನು ಕಾಲು ಗಂಟೆ ನಿಲ್ಲಿಸಿಕೊಳ್ಳುವವರು ಇವಳಿಗೆ ಕೇಳಿದಷ್ಟು ಕೊಡುತ್ತಾರೆ.

ಕೋಟೆ ದಾಟಿ ಅಂತರಸಂತೆಯ ರಸ್ತೆ ಹಿಡಿದು ಭೀಮನಕೊಲ್ಲಿಗೆ ಹೋದೆವು. ಅಲ್ಲಿ ಹಿನ್ನೀರಿನ ದಡದಲ್ಲೇ ಮಹದೇಶ್ವರನ ಗುಡಿ. ಬೇಸಿಗೆಯಾದ್ದರಿಂದ ನೀರು ಹಿಂದೆ ಸರಿದು ದಡದಲ್ಲಿ ಹಸಿರು ಹುಲ್ಲು ಚಿಗುರಿತ್ತು. ನೀರಿನಾಚೆಗೆ ಕಾಡು.

ಮಗಳು ಅಜ್ಜಿಗೆ ಇತಿಹಾಸ ಹೇಳಿದಳು. "ಅಜ್ಜಿ, ನಿಮ್ಮ ಕಿತ್ತೂರು ಸಾಮಾನ್ಯ ಊರಲ್ಲ. ಪುನ್ನಾಟ ರಾಜರ ರಾಜಧಾನಿ ಕೀರ್ತಿಪುರ ಅಂದರೆ ಅದೇ. ಆ ಮನೆಯ ಹುಡುಗಿಯನ್ನೇ ಗಂಗರ ಅವಿನೀತ ಮದುವೆಯಾದದ್ದು. ಅವಳ ಮಗ ದುರ್ವಿನೀತ ಕನ್ನಡದ ಹಳೆಯ ಗದ್ಯ ಬರಹಗಾರ ಅಂತ ಕವಿರಾಜಮಾರ್ಗದಲ್ಲಿ ಹೆಸರಿದೆ. ಆಮೇಲೆ ಪುನ್ನಾಟವೇ ಗಂಗರಿಗೆ ಸೇರಿಹೋಯಿತು."

"ಹಂಗಾದ್ರೆ ಆ ಯಮ್ಮನ ತವರೂ ಹೋಯ್ತು ಅನ್ನು" ಎಂದರು ಅತ್ತೆ. ಸಾವಿರದ ಐನೂರು ವರ್ಷದ ಹಿಂದಿನ ರಾಣಿಯನ್ನು ಪಕ್ಕದ ಮನೆಯ ಹೆಂಗಸಿನಂತೆ ಮಾತಾಡಿದರು.

ಅಷ್ಟರಲ್ಲಿ ಆಚೆ ದಡದಲ್ಲಿ ಆನೆಗಳು ಕಾಣಿಸಿದವು. ಏಳೋ ಎಂಟೋ, ನಡುವೆ ಒಂದು ಮರಿ. ಬೇಸಿಗೆಯಲ್ಲಿ ಈ ಹುಲ್ಲಿಗೂ ನೀರಿಗೂ ಅವು ಹಿಂಡುಹಿಂಡಾಗಿ ಬರುತ್ತವೆ, ನೋಡಲು ದೇಶ ವಿದೇಶದವರು ಬರುತ್ತಾರೆ. ಮಗಳು ಉಸಿರು ಬಿಗಿಹಿಡಿದಳು. ಅತ್ತೆ ಕೈ ಹಣೆಗೆ ಅಡ್ಡ ಇಟ್ಟುಕೊಂಡು ನೋಡಿದರು. "ನಮ್ಮಪ್ಪ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು, ತಮಟೆ ಬಡಿದು ಇವನ್ನ ಓಡಿಸ್ತಿದ್ದ. ರಾಗಿ ಹಾಲುಗಟ್ಟೋ ಕಾಲದಲ್ಲಿ ಕಣ್ಣು ಮುಚ್ತಿರಲಿಲ್ಲ. ಈಗ ದುಡ್ಡು ಕೊಟ್ಟು ನೋಡ್ತಾರೆ!" ಎಂದರು. ಆಮೇಲೆ ಮೆಲ್ಲಗೆ, "ಕಾಕನಕೋಟೆ ಖೆಡ್ಡಾಕ್ಕೂ ಹೋಗ್ತಿದ್ದ ನಮ್ಮಪ್ಪ, ಆನೆ ಅಟ್ಟಕ್ಕೆ" ಎಂದರು. ಅಲ್ಲಿ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ನನ್ನ ಅತ್ತೆಯ ಅಪ್ಪ ಎಂಥವರೆಂದು ಮೂವತ್ತೈದು ವರ್ಷದಲ್ಲಿ ನಾನು ಕೇಳಿದ ಮೊದಲ ಮಾತು ಅದು. ಕೇಳಿದ್ದರೆ ಮೊದಲೇ ಹೇಳುತ್ತಿದ್ದರೇನೋ.

"ನಿಮ್ಮ ಮನೆ ಯಾವ ಕಡೆಗಿತ್ತು ಅತ್ತೆ?" ಎಂದೆ.

ಕೋಲೆತ್ತಿ ನೀರಿನ ಒಂದು ಕಡೆಗೆ ತೋರಿಸಿದರು. ಸ್ವಲ್ಪ ಯೋಚಿಸಿ ಕೋಲನ್ನು ಬಲಕ್ಕೆ ಸರಿಸಿದರು. ಮತ್ತೆ ಎಡಕ್ಕೆ ತಂದರು. "ಗುಡ್ಡ ಅದೇ, ಆದರೆ ಕುಳ್ಳಗಾಗೈತೆ" ಎಂದು ಗೊಣಗಿದರು. ಕಡೆಗೆ ಕೋಲು ಇಳಿಸಿದರು. ಅಳುತ್ತಾರೆಂದು ನಾನು ಸೆರಗು ಸಿದ್ಧಮಾಡಿಕೊಂಡೆ. ಅವರು ಅಳಲಿಲ್ಲ. "ಈ ದಿನದಲ್ಲಿ ನಮ್ಮ ಬಾವಿ ಬತ್ತಿಹೋಗ್ತಿತ್ತು. ಎರಡು ಕೊಡ ನೀರಿಗೆ ಹೊಳೆತನಕ ನಡೀಬೇಕಿತ್ತು. ಈಗ ನೋಡು, ಎಷ್ಟು ನೀರು!" ಎಂದರು. ಹಾಗೆಂದು ನಕ್ಕರು. ನಮ್ಮ ಕೆ.ಆರ್. ನಗರದ ಗದ್ದೆಗಳಿಗೆ ನೀರು ಕಾವೇರಿಯದು, ಕಪಿಲೆಯದಲ್ಲ. ಆದರೂ ನೀರುಂಡ ನಾಡಿನ ಮಗಳಾಗಿ ಅವರ ನಗುವನ್ನು ನೋಡಲು ನನಗೆ ಸಂಕೋಚವಾಯಿತು.

ಹೊರಡುವ ಹೊತ್ತಾಯಿತು. ನೋಡಿದರೆ ಅತ್ತೆ ಇಲ್ಲ. ಗಾಬರಿಯಿಂದ ಹುಡುಕಿದರೆ, ನೀರು ಸರಿದ ಹಸಿ ನೆಲದಲ್ಲಿ ಬಗ್ಗಿ ಏನೋ ಕೀಳುತ್ತಿದ್ದಾರೆ. ಹತ್ತಿರ ಹೋದೆ. ಹೊನಗೊನ್ನೆ ಸೊಪ್ಪು! ಎಳೆ ಕುಡಿಗಳನ್ನು ಚಿವುಟಿ ಚಿವುಟಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು.

"ಅತ್ತೆ, ಬಿಸಿಲು. ಸಂತೆಯಲ್ಲಿ ಸಿಗುವುದಿಲ್ಲವೇ ಅದು?"

"ಸಿಗತದೆ. ಆದರೆ ತವರಿಂದ ಬರಿಮಡಿಲಲ್ಲಿ ಹೋಗಬಾರದು ಕಣವ್ವ."

ನಾನೂ ಮಗಳೂ ಬಗ್ಗಿ ಸೊಪ್ಪು ಕಿತ್ತೆವು. ಮೂವರೂ ಸೇರಿ ಅತ್ತೆಯ ಸೆರಗು ತುಂಬಿಸಿದೆವು. ಮಗಳು ಆ ದಿನ ಅಲ್ಲಿ ಫೋಟೋ ತೆಗೆಯಲಿಲ್ಲ. ಮರೆತಳೋ, ಬೇಡವೆಂದುಕೊಂಡಳೋ ನಾನು ಕೇಳಲಿಲ್ಲ.

ರಾತ್ರಿ ಅತ್ತೆಯೇ ಒಲೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು ಬಸ್ಸಾರು ಮಾಡಿಸಿದರು. ಬೆಳ್ಳುಳ್ಳಿ ಎಷ್ಟು, ಜೀರಿಗೆ ಎಷ್ಟು ಎಲ್ಲ ಅವರದೇ ಲೆಕ್ಕ. ನಮ್ಮ ಮನೆಯವರು ಮುದ್ದೆ ಮುರಿದು ಎರಡು ತುತ್ತು ಉಂಡು, "ಸೊಪ್ಪು ಬಹಳ ಚೆನ್ನಾಗಿದೆಯಲ್ಲವ್ವ, ಎಲ್ಲಿಯದು?" ಎಂದರು.

"ನಿನ್ನ ಸೋದರಮಾವನ ಹೊಲದ್ದು ಕಣೋ" ಎಂದರು ಅತ್ತೆ. "ಇನ್ನೊಂದು ಸೌಟು ಹಾಕಿಸಿಕೊ."